ಹಾವಿಗೆ ವಾಚು ಕಟ್ಟೋದೆಲ್ಲಿ?

ಹಾವಿಗೆ ಕೈಯಿಲ್ಲ, ಕಾಲಿಲ್ಲ, ಹೇಳಿಕೊಳ್ಳುವಂಥ ಕತ್ತೂ ಇಲ್ಲ. ಹುಲಿಗಾದರೆ ಕತ್ತಿಗೊಂದು ಪಟ್ಟಿ ಹಾಕಿ ಬಿಡಬಹುದು, ಹಕ್ಕಿಗಾದರೆ ಕಾಲಿಗೊಂದು ಬಳೆ ತೊಡಿಸಬಹುದು. ಹಾವಿಗೆ ಪಟ್ಟಿ ಹಾಕಿದಿರಿ ಅಂತಿಟ್ಕೊಳ್ಳಿ, ಅದು ಒಂದು ಪೊದೆಯೊಳಗೆ ನುಗ್ಗಿ ಆಚೆ ಬರೋ ಹೊತ್ತಿಗೆ ಪಟ್ಟಿ ಪೊದೆಯಲ್ಲೇ ಉಳಿದಿರುತ್ತೆ. ಅಂಟು ಹಾಕಿ ಬೆನ್ನಿಗೆ ಅಂಟಿಸೋಣ ಅಂದ್ರೆ, ಸ್ವಲ್ಪ ದಿನಕ್ಕೆ ಪೊರೆ ಬಿಡುತ್ತೆ. ಪೊರೆಯ ಜೊತೆ ನಿಮ್ಮ ದುಬಾರಿ ಯಂತ್ರವೂ ಹೋಯ್ತು!

ಹಾಗಾಗಿ ಹಾವಿನ ಮಟ್ಟಿಗೆ 'ತೊಡುವ ಸೆನ್ಸರ್' ಅನ್ನೋದು ಹೆಸರಿಗೆ ಮಾತ್ರ. ನಿಜವಾಗಿ ಮಾಡೋದು ಆಪರೇಷನ್. ಹಾವಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯ ಪಕ್ಕದಲ್ಲಿ ಸಣ್ಣದಾಗಿ ಕೊಯ್ದು, ಬೆರಳುದ್ದದ ಒಂದು ರೇಡಿಯೋ ಟ್ರಾನ್ಸ್‌ಮಿಟರ್ ಒಳಗಿಟ್ಟು, ಅದರ ಆಂಟೆನಾ ತಂತಿಯನ್ನು ಚರ್ಮದ ಕೆಳಗೆ ಓಡಿಸಿ, ಹೊಲಿಗೆ ಹಾಕ್ತಾರೆ. ಎಚ್ಚರವಾಗಿ ಸುಧಾರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟುಬಿಡ್ತಾರೆ. ಆಮೇಲೆ ಆ ಹಾವು ಎಲ್ಲೇ ಇರಲಿ, ಹೊಟ್ಟೆಯೊಳಗಿಂದ ಟಿಕ್... ಟಿಕ್... ಟಿಕ್... ಅಂತ ಕೂಗ್ತಾ ಇರುತ್ತೆ.

ನನ್ನ ಹೊಟ್ಟೆಪಾಡೂ ಹೆಚ್ಚು ಕಡಿಮೆ ಇದೇ ಜಾತಿಯದು ನೋಡಿ. ಕೈಗೆ ಕಟ್ಟಿಕೊಳ್ಳೋ ವಾಚು ಹೆಜ್ಜೆ ಎಣಿಸುತ್ತಲ್ಲ, ಆ ಥರದ ಯಂತ್ರಗಳಿಂದ ಬರೋ ಅಂಕಿಗಳನ್ನ ಸೋಸಿ, 'ಈ ಮನುಷ್ಯ ಈಗ ನಡೀತಾ ಇದ್ದಾನೆ, ಈಗ ಮಲಗಿದ್ದಾನೆ, ಈಗ ಸುಮ್ಮನೆ ಕೈ ಬೀಸ್ತಾ ಹರಟೆ ಹೊಡೀತಾ ಇದ್ದಾನೆ' ಅಂತ ಹೇಳೋ ಪ್ರೋಗ್ರಾಂ ಬರೆಯೋದು ನನ್ನ ಕೆಲಸ. ಇರೋದು ಫ್ಲೋರಿಡಾದ ಟ್ಯಾಂಪಾದಲ್ಲಿ. ಇಲ್ಲಿಂದ ಕಾರಿನಲ್ಲಿ ದಕ್ಷಿಣಕ್ಕೆ ಮೂರು ತಾಸು ಹೋದರೆ ಎವರ್‌ಗ್ಲೇಡ್ಸ್ ಜೌಗು ಸಿಗುತ್ತೆ. ಅಲ್ಲಿ ನಮ್ಮ ಏಷ್ಯಾದಿಂದ ಬಂದ ಹೆಬ್ಬಾವುಗಳ ಹೊಟ್ಟೆಯಲ್ಲಿ ಇಂಥ ಯಂತ್ರ ಇಟ್ಟು ಒಂದು ಯುದ್ಧವೇ ನಡೀತಾ ಇದೆ. ಅದರ ಬಗ್ಗೆ ನನಗೊಂದಿಷ್ಟು ಅಭಿಪ್ರಾಯಗಳಿವೆ. ಬರೆದುಬಿಡೋಣ ಅಂತ ಕೂತೆ.

ಮೊದಲು ಕಥೆ. ಬರ್ಮಾ ಹೆಬ್ಬಾವು ನಮ್ಮ ಮಲೆನಾಡಿನ ಹೆಬ್ಬಾವಿನ ದಾಯಾದಿ. 2009ರವರೆಗೂ ಎರಡನ್ನೂ ಒಂದೇ ಪ್ರಭೇದದ ಎರಡು ಕವಲು ಅಂತಲೇ ವಿಜ್ಞಾನಿಗಳು ಲೆಕ್ಕ ಹಿಡೀತಿದ್ದರು. ಅದರ ಊರು ಆಗ್ನೇಯ ಏಷ್ಯಾ, ನಮ್ಮ ಈಶಾನ್ಯ ರಾಜ್ಯಗಳೂ ಸೇರಿ. ಅಮೆರಿಕದವರು ಅದನ್ನ ಮುದ್ದಿಗೆ ಸಾಕಲು ತರಿಸಿಕೊಂಡರು. ಹತ್ತು ಇಪ್ಪತ್ತಲ್ಲ ಮಾರಾಯ್ರೆ, 1996ರಿಂದ 2006ರ ನಡುವೆಯೇ 90 ಸಾವಿರಕ್ಕೂ ಹೆಚ್ಚು! ಅಂಗಡಿಯಲ್ಲಿ ಕೊಳ್ಳುವಾಗ ಮೊಳದುದ್ದ ಇದ್ದ ಮರಿ ಕೆಲವೇ ವರ್ಷದಲ್ಲಿ ಹತ್ತು ಹನ್ನೆರಡು ಅಡಿ ಆಗುತ್ತೆ. ಆಗ ಹೆಂಡತಿ ಬೈತಾಳೆ, ಅಕ್ಕಪಕ್ಕದವರು ಬೈತಾರೆ. ಯಜಮಾನ ಏನು ಮಾಡ್ತಾನೆ? ರಾತ್ರಿ ಕಾರಿನಲ್ಲಿ ಹಾಕಿಕೊಂಡು ಹೋಗಿ ಜೌಗಿನ ಅಂಚಿಗೆ ಬಿಟ್ಟು ಬರ್ತಾನೆ. 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಹಾವು ಸಾಕುವ ಒಂದು ಕೇಂದ್ರ ನೆಲಸಮವಾಗಿ ಹಾವುಗಳು ತಪ್ಪಿಸಿಕೊಂಡವು ಅನ್ನೋ ಮಾತೂ ಇದೆ. ಹೇಗೋ ಆಗಲಿ, 2000ನೇ ಇಸವಿ ಹೊತ್ತಿಗೆ ಅವು ಅಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡಿವೆ ಅನ್ನೋದು ಗಟ್ಟಿಯಾಯ್ತು.

ಸಂಸಾರ ಹೂಡಿದ ಮೇಲೆ ಊಟ ಬೇಕಲ್ಲ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎವರ್‌ಗ್ಲೇಡ್ಸಿನ ರಸ್ತೆಗಳಲ್ಲಿ ರಾತ್ರಿ ಹೊತ್ತು ಕಣ್ಣಿಗೆ ಬೀಳುವ ಪ್ರಾಣಿಗಳನ್ನ ಹಿಂದಿನ ಲೆಕ್ಕಕ್ಕೆ ಹೋಲಿಸಿ ನೋಡಿದರು. ರಕೂನ್ ಕಾಣಿಸೋದು ನೂರಕ್ಕೆ 99ರಷ್ಟು ಕಡಿಮೆ. ಅಪಾಸಮ್ ಕೂಡ ಅಷ್ಟೇ. ಬಾಬ್‌ಕ್ಯಾಟ್ ಅನ್ನೋ ಕಾಡುಬೆಕ್ಕು ನೂರಕ್ಕೆ 87. ಮೊಲ, ನರಿ ಕಾಣಿಸಲೇ ಇಲ್ಲ. 'ಹಾವೇ ತಿಂದಿದ್ದು ಅಂತ ಹೇಗೆ ಹೇಳ್ತೀರಿ, ಬೇರೆ ಏನಾದರೂ ರೋಗ ಇರಬಹುದಲ್ಲ?' ಅಂತ ಕೇಳಿದವರಿದ್ದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಇನ್ನೊಂದು ತಂಡದವರು ಜೌಗಿನ ಮೊಲಗಳಿಗೆ ರೇಡಿಯೋ ಕಟ್ಟಿ ಉದ್ಯಾನದೊಳಗೆ ಬಿಟ್ಟರು. 2015ರಲ್ಲಿ ಫಲಿತಾಂಶ ಬಂತು. ಬಿಟ್ಟು ಒಂದು ವರ್ಷ ತುಂಬುವಷ್ಟರಲ್ಲಿ, ಸತ್ತ ಮೊಲಗಳಲ್ಲಿ ನೂರಕ್ಕೆ 77 ಹೆಬ್ಬಾವಿನ ಹೊಟ್ಟೆ ಸೇರಿದ್ದವು. ವಾದ ಮುಗೀತು. ಇಂಥ ಕಡೆ ನನಗೆ ಸೆನ್ಸರ್ ಮೇಲೆ ಗೌರವ ಬರುತ್ತೆ, ಅದು ಯಾರ ಪಕ್ಷವನ್ನೂ ವಹಿಸಲ್ಲ.

ಸರಿ, ಹಿಡಿದು ಹಾಕಿದ್ರೆ ಆಯ್ತಲ್ಲ ಅಂತೀರಾ? ಅಲ್ಲೇ ಇರೋದು ಸಮಸ್ಯೆ. ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ ಒಂದೇ ಸುಮಾರು 6 ಸಾವಿರ ಚದರ ಕಿಲೋಮೀಟರ್. ನಮ್ಮ ಒಂದೂವರೆ ಕೊಡಗು. ತುಂಬಾ ಮೊಣಕಾಲುದ್ದ ನೀರು, ಆಳೆತ್ತರದ ಹುಲ್ಲು. ಅದರೊಳಗೆ ಒಣಗಿದೆಲೆಯ ಬಣ್ಣದ ಹಾವು ಅಲ್ಲಾಡದೆ ಬಿದ್ದಿರುತ್ತೆ. ಒಂದು ಹಾವು ಇರೋ ಜಾಗದಲ್ಲೇ ಹುಡುಕಿದರೂ ಅದು ಕಣ್ಣಿಗೆ ಬೀಳುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯವರೇ ಹೇಳ್ತಾರೆ. ಅಂದರೆ ಒಂದು ಸಿಕ್ಕಿತು ಅಂದ್ರೆ, ಕಾಣದೆ ಹೋದದ್ದು ಕಡಿಮೆ ಅಂದ್ರೂ ನೂರು! ಎಷ್ಟಿವೆ ಅನ್ನೋ ಲೆಕ್ಕವೂ ಹತ್ತಾರು ಸಾವಿರ ಅನ್ನೋ ಅಂದಾಜಿನಲ್ಲೇ ನಿಲ್ಲೋದು ಇದೇ ಕಾರಣಕ್ಕೆ.

ಮನುಷ್ಯನಿಗೆ ಕಾಣದ ಹೆಬ್ಬಾವು ಇನ್ನೊಂದು ಹೆಬ್ಬಾವಿಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತೆ. ಚಳಿಗಾಲ ಬಂತು ಅಂದ್ರೆ ಗಂಡು ಹಾವುಗಳು ವಾಸನೆ ಹಿಡಿದು ಹೆಣ್ಣನ್ನ ಹುಡುಕಿಕೊಂಡು ಹೊರಡ್ತಾವೆ. ನೈರುತ್ಯ ಫ್ಲೋರಿಡಾದ ಕನ್ಸರ್ವೆನ್ಸಿ ಅನ್ನೋ ಸಂಸ್ಥೆಯವರು 2013ರಿಂದ ಇದನ್ನೇ ಹಿಡಿದುಕೊಂಡು ಕೆಲಸ ಮಾಡ್ತಿದ್ದಾರೆ. ಗಂಡು ಹಾವಿನ ಹೊಟ್ಟೆಯಲ್ಲಿ ರೇಡಿಯೋ ಇಟ್ಟು ಬಿಡೋದು. ಅದು ಹೆಣ್ಣಿನ ಹತ್ತಿರ ಹೋಗುತ್ತೆ. ಇವರು ಆಂಟೆನಾ ಹಿಡಿದು ಹಿಂದೆ ಹೋಗ್ತಾರೆ. ಹೆಣ್ಣನ್ನ ಹಿಡೀತಾರೆ, ಗಂಡನ್ನ ಮತ್ತೆ ಬಿಡ್ತಾರೆ. ಅದು ಇನ್ನೊಂದು ಹೆಣ್ಣನ್ನ ಹುಡುಕುತ್ತೆ. ಇವರು ಮತ್ತೆ ಹಿಂದೆ. 2021ರ ಡಿಸೆಂಬರಿನಲ್ಲಿ ಡಯೊನೈಸಸ್ ಅನ್ನೋ ಹೆಸರಿಟ್ಟಿದ್ದ ಬೇಹುಗಾರ ಹಾವು ಇವರನ್ನ ಕರೆದುಕೊಂಡು ಹೋಗಿ ನಿಲ್ಲಿಸಿದ್ದು 215 ಪೌಂಡ್, ಅಂದರೆ 97 ಕೆಜಿ ತೂಕದ, ಸುಮಾರು 18 ಅಡಿ ಉದ್ದದ ಹೆಣ್ಣಿನ ಎದುರಿಗೆ. ಅದರ ಹೊಟ್ಟೆಯಲ್ಲಿ ಬೆಳೆಯುತ್ತಿದ್ದ ಮೊಟ್ಟೆ 122. ಜೊತೆಗೆ ಜಿಂಕೆಯ ಗೊರಸು! ಆ ಒಂದು ಹಾವನ್ನ ಹಿಡಿದದ್ದು 123 ಹಾವು ಹಿಡಿದ ಹಾಗೆ ಅಂತ ಯಾರಾದ್ರೂ ಅಂದ್ರೆ, ಲೆಕ್ಕ ಪೂರ್ತಿ ಸರಿಯಲ್ಲದಿದ್ದರೂ (ಮರಿಗಳೆಲ್ಲ ಬದುಕಲ್ಲ) ಭಾವ ಸರಿಯೇ.

ಈ ಉಪಾಯಕ್ಕೆ ಇಲ್ಲಿಯವರು ಇಟ್ಟಿರೋ ಹೆಸರು ಜೂದಾಸ್ ವಿಧಾನ. ಏಸುವನ್ನ ಹಿಡಿದುಕೊಟ್ಟ ಶಿಷ್ಯನ ಹೆಸರು. ಹಿಂದೆ ಗಲಾಪಗೋಸ್ ದ್ವೀಪಗಳಲ್ಲಿ ಕಾಡುಬಿದ್ದ ಮೇಕೆಗಳನ್ನ ಮುಗಿಸೋಕೆ ಇದನ್ನ ದೊಡ್ಡದಾಗಿ ಬಳಸಿದ್ದರು. ನಮ್ಮ ಕಡೆಯಾಗಿದ್ದರೆ ವಿಭೀಷಣ ವಿಧಾನ ಅಂತಿದ್ದರೋ, ಮನೆಮುರುಕ ವಿಧಾನ ಅಂತಿದ್ದರೋ! ಆದರೆ ಯೋಚನೆ ಮಾಡಿ ನೋಡಿದ್ರೆ ಯಾವ ಹೆಸರೂ ಒಪ್ಪಲ್ಲ. ಜೂದಾಸ್ ಮೂವತ್ತು ಬೆಳ್ಳಿ ನಾಣ್ಯ ಎಣಿಸಿಕೊಂಡ. ವಿಭೀಷಣ ಧರ್ಮ ಅಧರ್ಮ ತೂಗಿ ನೋಡಿ ಅಣ್ಣನನ್ನ ಬಿಟ್ಟು ಬಂದ. ಈ ಹಾವು ಎರಡೂ ಮಾಡಲಿಲ್ಲ. ಅದಕ್ಕೆ ಗೊತ್ತಿರೋದು ಹೆಣ್ಣಿನ ವಾಸನೆ ಮಾತ್ರ. ದ್ರೋಹ ಅಂತ ಏನಾದರೂ ಇದ್ದರೆ ಅದು ಹೊಟ್ಟೆಯೊಳಗೆ ರೇಡಿಯೋ ಇಟ್ಟ ನಮ್ಮದು. ಹಾವಿನ ತಲೆಗೆ ಆ ಹೆಸರು ಕಟ್ಟೋದು ಯಾಕೆ?

ಇದನ್ನ ಹೇಳಿದ್ದು ಕೆಲಸ ತಪ್ಪು ಅನ್ನೋಕಲ್ಲ. ಮಾಡೋದು ನಾವೇ, ಹೊಣೆಯೂ ನಮ್ಮದೇ ಅನ್ನೋಕೆ.

ಅಂದ ಹಾಗೆ ಈ ರೇಡಿಯೋಗಳಿಂದ ಗೊತ್ತಾಗಿರೋ ಸಂಗತಿಗಳು ಕುತೂಹಲದವು. 19 ಹೆಬ್ಬಾವುಗಳನ್ನ ಒಟ್ಟು 5,119 ದಿನ ಹಿಂಬಾಲಿಸಿ ನೋಡಿದಾಗ, ಒಂದೊಂದೂ ಸರಾಸರಿ 22 ಚದರ ಕಿಲೋಮೀಟರಿನಷ್ಟು ಜಾಗದಲ್ಲಿ ಓಡಾಡುತ್ತೆ ಅಂತ ತಿಳೀತು. ಇನ್ನೊಂದು ಪ್ರಯೋಗದಲ್ಲಿ ಆರು ಹಾವುಗಳನ್ನ ಮುಚ್ಚಿದ ಡಬ್ಬಿಯಲ್ಲಿ ಹಾಕಿ 21ರಿಂದ 36 ಕಿಲೋಮೀಟರ್ ದೂರ ಒಯ್ದು ಬಿಟ್ಟರು. ವಿಮಾನದಲ್ಲಿ ಆಂಟೆನಾ ಕಟ್ಟಿಕೊಂಡು ಹುಡುಕಿದರು. ಆರರಲ್ಲಿ ಐದು ತಮ್ಮನ್ನ ಹಿಡಿದ ಜಾಗದ 5 ಕಿಲೋಮೀಟರ್ ಒಳಗೆ ವಾಪಸ್ ಬಂದಿದ್ದವು, ಅದೂ ತಿಂಗಳುಗಟ್ಟಲೆ ನಿಧಾನವಾಗಿ ಹರಿದುಕೊಂಡು. ಗೂಗಲ್ ಮ್ಯಾಪ್ ಇಲ್ಲದೆ ಪಕ್ಕದ ಬೀದಿಯ ದಿನಸಿ ಅಂಗಡಿಗೆ ಹೋಗೋಕೆ ತಡಕಾಡುವ ನನ್ನಂಥವರು ನಾಚಿಕೊಳ್ಳಬೇಕು. 2010ರ ಜನವರಿಯಲ್ಲಿ ಫ್ಲೋರಿಡಾಕ್ಕೆ ಅಪರೂಪದ ಚಳಿ ಬಂದಾಗ ರೇಡಿಯೋ ಇದ್ದ ಹತ್ತು ಹಾವುಗಳಲ್ಲಿ ಒಂಬತ್ತು ಸತ್ತವು. 'ಅಬ್ಬಾ, ಚಳಿಯೇ ಕೆಲಸ ಮುಗಿಸ್ತು' ಅಂತ ಕೆಲವರು ನಿಟ್ಟುಸಿರು ಬಿಟ್ಟರು. ಹಾವುಗಳು ಮಾತ್ರ ಮುಗೀಲಿಲ್ಲ.

ಈಚೆಗೆ ನನ್ನ ಕಸುಬಿಗೆ ಇನ್ನೂ ಹತ್ತಿರದ್ದು ಬಂದಿದೆ. ರೇಡಿಯೋ ಹೇಳೋದು ಹಾವು ಎಲ್ಲಿದೆ ಅಂತ. ಏನು ಮಾಡ್ತಾ ಇದೆ ಅಂತ ಹೇಳಲ್ಲ. ಅದಕ್ಕೆ ಆಕ್ಸೆಲೆರೋಮೀಟರ್ ಬೇಕು. ನಿಮ್ಮ ಫೋನು ಅಡ್ಡ ತಿರುಗಿಸಿದರೆ ಚಿತ್ರವೂ ಅಡ್ಡ ತಿರುಗುತ್ತಲ್ಲ, ಅದನ್ನ ಮಾಡೋ ಚಿಪ್ಪೇ. ಅದನ್ನೂ ಹಾವಿನ ಒಳಗಿಟ್ಟು, ವಾರಗಟ್ಟಲೆ ಅಂಕಿ ತುಂಬಿಸಿ, 2021ರಲ್ಲಿ ಒಂದು ತಂಡ ಫಲಿತಾಂಶ ಪ್ರಕಟಿಸಿತು. ಹಾವು ದಿನದ ಬಹುಪಾಲು ಹೊತ್ತು ಸುಮ್ಮನೆ ಬಿದ್ದಿರುತ್ತೆ, ಅಲ್ಲಾಡೋದು ಸ್ವಲ್ಪವೇ ಹೊತ್ತು. ಇದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ ಯಾವ ಹೊತ್ತಿನಲ್ಲಿ, ಎಂಥ ತಾಪಮಾನದಲ್ಲಿ ಹಾವು ಹೊರಗೆ ಬರುತ್ತೆ ಅಂತ ಗೊತ್ತಾದರೆ, ಹುಡುಕೋಕೆ ಹೋಗುವವರು ಯಾವ ರಾತ್ರಿ ಹೋಗಬೇಕು, ಯಾವ ರಾತ್ರಿ ಮನೆಯಲ್ಲಿ ಮಲಗಬೇಕು ಅನ್ನೋದು ಗೊತ್ತಾಗುತ್ತೆ.

ಇದರಲ್ಲಿ ಕಷ್ಟ ಏನು ಅಂತ ನಮ್ಮಂಥವರಿಗೆ ಗೊತ್ತು. ವಾಚು ಕಟ್ಟಿಕೊಂಡ ಮನುಷ್ಯನಾದರೆ ರಾತ್ರಿ ಚಾರ್ಜಿಗೆ ಹಾಕ್ತಾನೆ. ಅಂಕಿಗಳು ತಾವಾಗಿಯೇ ಫೋನಿಗೆ ಹೋಗ್ತಾವೆ. ಹಾವು ಚಾರ್ಜಿಗೆ ಹಾಕಲ್ಲ. ಅದರ ಮೈ, ಮೇಲಿನ ನೀರು, ಹುಲ್ಲು ಎಲ್ಲ ಸೇರಿ ಜಿಪಿಎಸ್ ಸಿಗ್ನಲ್ಲನ್ನ ನುಂಗಿಬಿಡ್ತಾವೆ. ಹೀಗೆ ಅಂಕಿ ತುಂಬಿಟ್ಟುಕೊಳ್ಳೋ ಯಂತ್ರವಾದರೆ ಅದೇ ಹಾವನ್ನ ಮತ್ತೆ ಹಿಡಿದು, ಮತ್ತೆ ಕೊಯ್ದು ತೆಗೀಬೇಕು. ಬ್ಯಾಟರಿ ದೊಡ್ಡದು ಮಾಡಿದರೆ ಹಾವಿಗೆ ಭಾರ, ಚಿಕ್ಕದು ಮಾಡಿದರೆ ಬೇಗ ಖಾಲಿ. ನಮ್ಮ ಆಫೀಸಿನ ಮೀಟಿಂಗಿನಲ್ಲಿ ದಿನಾ ನಡೆಯೋ ಜಗಳವೇ ಇದು, ಜೌಗಿನಲ್ಲೂ ಬಿಟ್ಟಿದ್ದಲ್ಲ!

ಇನ್ನೊಂದು ಸ್ವಾರಸ್ಯ ಕೇಳಿ. ಕೀ ಲಾರ್ಗೊ ಅನ್ನೋ ದ್ವೀಪದಲ್ಲಿ ರಕೂನ್, ಅಪಾಸಮ್‌ಗಳು ಹೇಗೆ ಓಡಾಡ್ತಾವೆ ಅಂತ ನೋಡೋಕೆ ಅವುಗಳ ಕತ್ತಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದರು. ಹಾವಿನ ಯೋಚನೆ ಅದರಲ್ಲಿ ಇರಲೇ ಇಲ್ಲ. 2022ರಲ್ಲಿ ಒಂದು ಅಪಾಸಮ್‌ನ ಪಟ್ಟಿ 'ಈ ಪ್ರಾಣಿ ಸತ್ತಿದೆ' ಅಂತ ಸಂದೇಶ ಕಳಿಸಿತು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ, ಸತ್ತ ಪ್ರಾಣಿ ಓಡಾಡ್ತಾ ಇದೆ! ದೆವ್ವ ಅಲ್ಲ, 12 ಅಡಿಯ ಹೆಬ್ಬಾವು. ಪಟ್ಟಿ ಸಮೇತ ನುಂಗಿತ್ತು. ಸಿಗ್ನಲ್ ಹಿಡಿದು ಹೋಗಿ ಹಾವನ್ನೂ ಹಿಡಿದರು. ಹೀಗೆ ಕಂಡೂ ಕಾಣದ ಹಾಗೆ ಒಂದು ಹೊಸ ಉಪಾಯವೇ ಸಿಕ್ಕಿಬಿಡ್ತು. ಹಾವಿಗೆ ಯಂತ್ರ ತೊಡಿಸೋದು ಕಷ್ಟ, ಹಾವಿನ ಊಟಕ್ಕೆ ತೊಡಿಸೋದು ಸುಲಭ.

ಸರಿ, ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ.

ಮೊದಲನೆಯದು. ಸೆನ್ಸರ್ ಹಾವು ಹಿಡಿಯಲ್ಲ. ಇದನ್ನ ಹೊಟ್ಟೆಪಾಡಿಗೆ ಸೆನ್ಸರ್ ನಂಬಿಕೊಂಡವನೇ ಹೇಳ್ತಿದ್ದೀನಿ ಅಂತ ಗಮನಿಸಿ. ಟಿಕ್ ಟಿಕ್ ಶಬ್ದ ಕೇಳಿದ ಮೇಲೆ ಯಾರೋ ಒಬ್ಬ ಬೂಟು ಹಾಕಿಕೊಂಡು, ಎದೆಮಟ್ಟದ ಪೊದೆಯಲ್ಲಿ ನುಗ್ಗಿ, ಸೊಳ್ಳೆ ಕಡಿಸಿಕೊಂಡು, ಕೈ ಹಾಕಿ ಹಿಡೀಬೇಕು. 2017ರಲ್ಲಿ ಫ್ಲೋರಿಡಾದವರು ತಮಿಳುನಾಡಿನಿಂದ ಇಬ್ಬರು ಇರುಳರನ್ನ ಕರೆಸಿದ್ದರು, ಮಾಸಿ ಸಡಯನ್ ಮತ್ತು ವಡಿವೇಲ್ ಗೋಪಾಲ್ ಅಂತ. ಜೊತೆಗೆ ದುಭಾಷಿಗಳು. ಅವರ ಕೈಯಲ್ಲಿ ಇದ್ದದ್ದು ಒಂದು ಸರಳು, ತಲೆಯಲ್ಲಿ ಇದ್ದದ್ದು ತಲೆಮಾರುಗಳ ಅನುಭವ. ಎರಡು ವಾರದೊಳಗೇ 13 ಹೆಬ್ಬಾವು ಹಿಡಿದರು. ಅದರಲ್ಲೊಂದು 16 ಅಡಿಯದು. ಅದರ ಹಿಂದಿನ ವರ್ಷ ಇಲ್ಲಿ ನಡೆದ ಹೆಬ್ಬಾವು ಹಿಡಿಯುವ ಸ್ಪರ್ಧೆಯಲ್ಲಿ ಸಾವಿರ ಜನ ಸೇರಿ ಒಂದು ತಿಂಗಳಲ್ಲಿ ಹಿಡಿದಿದ್ದು 106. ಲೆಕ್ಕ ನೀವೇ ಹಾಕಿ. 2023ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಅವರು ನೆಲದ ಮೇಲೆ ಓದಿದ್ದು ಏನು? ಹಾವು ಹರಿದ ಗುರುತು, ಅದರ ಹಿಕ್ಕೆ, ಬಿಟ್ಟ ಪೊರೆ, ಹುಲ್ಲು ಬಾಗಿದ ರೀತಿ. ಇವೆಲ್ಲ ಡೇಟಾ ಅಲ್ಲದೆ ಮತ್ತೇನು ಸ್ವಾಮಿ? ಸೆನ್ಸರ್ ಕಣ್ಣು, ಪ್ರೊಸೆಸರ್ ತಲೆ. ನಾವು ಲಕ್ಷಾಂತರ ಸಾಲು ಅಂಕಿ ತಿನ್ನಿಸಿ ಕಂಪ್ಯೂಟರಿಗೆ ಕಲಿಸೋಕೆ ಒದ್ದಾಡೋದನ್ನ ಅವರಪ್ಪ ಅವರಿಗೆ ಕಾಡಿನಲ್ಲಿ ನಡೀತಾ ನಡೀತಾ ಕಲಿಸಿಬಿಟ್ಟಿದ್ದಾರೆ.

ಆದ್ದರಿಂದ ಯಂತ್ರವೋ ಮನುಷ್ಯನೋ ಅನ್ನೋ ಚರ್ಚೆಯೇ ನನಗೆ ಹಿಡಿಸಲ್ಲ. ಎರಡೂ ಬೇಕು. ಸ್ಪರ್ಧೆಗಳಿಗೆ ಸಿಗೋ ಪ್ರಚಾರ ಮಾತ್ರ ಅತಿಯಾಯ್ತು ಅನ್ನಿಸುತ್ತೆ. 2013ರ ಮೊದಲ ಸ್ಪರ್ಧೆಗೆ ಸುಮಾರು 1,600 ಜನ ಬಂದು ಹಿಡಿದದ್ದು 68 ಹಾವು. 2025ರಲ್ಲಿ 934 ಜನ 294 ಹಿಡಿದು ದಾಖಲೆ ಮಾಡಿದರು. ಜನಕ್ಕೆ ವಿಷಯ ತಿಳಿಯುತ್ತೆ, ಅದು ಒಳ್ಳೇದೇ. ಆದರೆ ರಸ್ತೆ ಬದಿಯಲ್ಲಿ ಸಿಕ್ಕ ಮರಿಯೂ ಲೆಕ್ಕಕ್ಕೆ ಒಂದೇ, ಜೌಗಿನ ನಡುವೆ ನೂರು ಮೊಟ್ಟೆ ಹೊತ್ತು ಮಲಗಿರೋ ತಾಯಿಯೂ ಲೆಕ್ಕಕ್ಕೆ ಒಂದೇ. ತಾಯಿಯ ಹತ್ತಿರ ಕರೆದೊಯ್ಯೋದು ಬೇಹುಗಾರ ಹಾವು ಮಾತ್ರ. ಆ ಕನ್ಸರ್ವೆನ್ಸಿಯವರು 2013ರಿಂದ 2025ರವರೆಗೆ ಹಿಡಿದದ್ದು 1,400ಕ್ಕೂ ಹೆಚ್ಚು ಹಾವು, ತೂಕದಲ್ಲಿ 20 ಟನ್. ಅದೂ ಬೆರಳೆಣಿಕೆಯ ಜನ. ದುಡ್ಡು ಹೋಗಬೇಕಾದ್ದು ಇಂಥ ಕಡೆ. ವರ್ಷಕ್ಕೆ ಹತ್ತು ದಿನದ ಜಾತ್ರೆಗಿಂತ ವರ್ಷವಿಡೀ ಸಂಬಳ ಕೊಟ್ಟು ಸಾಕಿದ ಹತ್ತು ಜನ ಜಾಣರು ಮೇಲು. (2025ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದವರು ಬಿಸಿ ಸೂಸುವ, ಅಲ್ಲಾಡುವ 40 ಯಂತ್ರ ಮೊಲಗಳನ್ನ ಜೌಗಿನಲ್ಲಿಟ್ಟು ಹಾವನ್ನ ಕರೆಯೋ ಪ್ರಯೋಗ ಶುರು ಮಾಡಿದ್ದಾರೆ. ಅದೂ ಆಗಲಿ. ಆಟಿಕೆ ಮೊಲಕ್ಕೆ ಮೋಸ ಹೋಗೋ ಹಾವಿದ್ದರೆ ನಮಗೇನು ನಷ್ಟ?)

ಎರಡನೆಯದು ಕಷ್ಟದ್ದು. ಹಿಡಿದ ಹಾವನ್ನ ಇಲ್ಲಿ ಕೊಲ್ತಾರೆ. ಒಮ್ಮೆ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳ್ತಾ ಇದ್ದೆ. ಅಲ್ಲಿವರೆಗೂ ಹ್ಞೂಂ ಹ್ಞೂಂ ಅಂತಿದ್ದ ಅಮ್ಮ, 'ಅಯ್ಯೋ, ಮೊಟ್ಟೆ ಹೊತ್ತಿದ್ದ ಬಸುರೀನ ಕೊಂದ್ರೇನೋ? ಅವ್ರಿಗೆ ಪಾಪ ಸುತ್ಕೊಳ್ಳಲ್ವಾ?' ಅಂದರು. ನಮ್ಮೂರು ತೀರ್ಥಹಳ್ಳಿ ಕಡೆ. ನಾಗನ ಕಲ್ಲಿಗೆ ಹಾಲೆರೆಯೋ ಮನೆತನ. ತೋಟದಲ್ಲಿ ಹಾವು ಕಂಡರೆ ಕೈ ಮುಗಿದು 'ಹೋಗಪ್ಪಾ ಸ್ವಾಮಿ' ಅನ್ನೋ ಜನ. ಆ ಪ್ರಶ್ನೆಗೆ ಅಂಕಿ ಅಂಶ ಕೊಟ್ಟು ಉತ್ತರ ಹೇಳೋಕೆ ಬರಲ್ಲ.

ನನ್ನ ಉತ್ತರ ಹೀಗಿದೆ. ನಮ್ಮೂರಿನಿಂದ ಗುಡ್ಡ ಹತ್ತಿದರೆ ಆಗುಂಬೆ. ಅಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ 2008ರಿಂದ ಕಾಳಿಂಗ ಸರ್ಪಗಳ ಹೊಟ್ಟೆಯಲ್ಲಿ ಇಂಥದೇ ರೇಡಿಯೋ ಇಟ್ಟು ಹಿಂಬಾಲಿಸಿದ್ದಾರೆ. ಅದೇ ಆಪರೇಷನ್ನು, ಅದೇ ಆಂಟೆನಾ, ಅದೇ ಟಿಕ್ ಟಿಕ್. ಆದರೆ ಅಲ್ಲಿ ಉದ್ದೇಶ ಉಳಿಸೋದು. ಮನೆಗೆ ನುಗ್ಗಿದ ಕಾಳಿಂಗನನ್ನ ಹಿಡಿದು ದೂರದ ಕಾಡಿಗೆ ಒಯ್ದು ಬಿಟ್ಟರೆ, ಅದು ಹೊಸ ಜಾಗದಲ್ಲಿ ನೆಲೆ ಕಾಣದೆ ಸಿಕ್ಕಾಪಟ್ಟೆ ಅಲೀತದೆ ಅನ್ನೋದು ಹಾಗೆ ಹಿಂಬಾಲಿಸಿದ್ದರಿಂದಲೇ ಕಂಡಿದ್ದು. 'ದೂರ ಬಿಟ್ಟು ಬಂದ್ವಿ, ಪುಣ್ಯ ಬಂತು' ಅನ್ನೋ ಸಮಾಧಾನಕ್ಕೆ ಇದು ದೊಡ್ಡ ಪೆಟ್ಟು. ಸಿಕ್ಕ ಜಾಗದ ಹತ್ತಿರವೇ ಬಿಡಬೇಕು, ಜನಕ್ಕೆ ತಿಳಿ ಹೇಳಬೇಕು ಅನ್ನೋ ಮಾತಿಗೆ ಅಲ್ಲಿಂದ ಬಲ ಬಂತು. ಅಂದರೆ ಯಂತ್ರಕ್ಕೆ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದೇ ರೇಡಿಯೋ ಆಗುಂಬೆಯಲ್ಲಿ ಹಾವಿನ ಪ್ರಾಣ ಕಾಯ್ತು, ಎವರ್‌ಗ್ಲೇಡ್ಸಿನಲ್ಲಿ ಪ್ರಾಣ ತೆಗೀತು.

ಹಾಗಾದ್ರೆ ಎವರ್‌ಗ್ಲೇಡ್ಸಿನಲ್ಲೂ ಬಿಟ್ಟುಬಿಡಬಹುದಲ್ಲ? ಬಿಡಬಹುದು. ಆಗ ಸಾಯೋದು ಮೊಲ, ರಕೂನ್, ಜಿಂಕೆ, ಕೀ ಲಾರ್ಗೊದಲ್ಲಷ್ಟೇ ಬದುಕಿರೋ ಒಂದು ಜಾತಿಯ ಕಾಡಿಲಿ. ಅವುಗಳ ಪರವಾಗಿ ಕೈ ಮುಗಿಯೋಕೆ ಯಾವ ಕಟ್ಟೆಯೂ ಇಲ್ಲ. ಸುಮ್ಮನಿರೋದೂ ಒಂದು ಕೊಲೆಯೇ, ಕಣ್ಣಿಗೆ ಕಾಣಲ್ಲ ಅಷ್ಟೇ. ಹಾಗಾಗಿ ಕೊಲ್ಲೋದು ಸರಿ ಅಂತೀನಿ, ಆದರೆ ನೋವಾಗದ ಹಾಗೆ, ಗೊತ್ತಿರುವವರ ಕೈಯಲ್ಲಿ. ಹಾವಿನ ತಲೆ ಮೆಟ್ಟಿ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳೋದು ಬೇಡ. ಹಾವು ಇಲ್ಲಿ ಅಪರಾಧಿ ಅಲ್ಲ. ಅದು ಹಾವು ಮಾಡೋದನ್ನ ಮಾಡ್ತು. ಅಮ್ಮನಿಗೆ ಇದನ್ನೇ ಹೇಳಿದೆ. 'ಅದೇನೋಪ್ಪ' ಅಂದರು. ಒಪ್ಪಿದರು ಅಂತ ನಾನೇನೂ ಹೇಳ್ತಾ ಇಲ್ಲ.

ಮೂರನೆಯದು ನಮ್ಮಂಥವರಿಗೆ ಸಂಬಂಧಪಟ್ಟದ್ದು. ಈ ಹಾವಿಗೆ ಇಲ್ಲಿ ಹೇಳೋದು ಆಕ್ರಮಣಕಾರಿ ಪ್ರಭೇದ ಅಂತ. ಏಷ್ಯಾದಿಂದ ಬಂದಿದ್ದು, ಇಲ್ಲೇ ಬೇರೂರಿದ್ದು, ಇಲ್ಲಿಯವರ ಅನ್ನ ಕಿತ್ಕೊಂಡಿದ್ದು... ಮಾತು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಯ್ತಲ್ಲ? ಒಂದು ಪಾರ್ಟಿಯಲ್ಲಿ ಒಬ್ಬ ಮಹಾಶಯ ಬಿಯರ್ ಹಿಡಿದು, 'ನಿಮ್ಮ ಊರಿನಿಂದ ಸಾಫ್ಟ್‌ವೇರಿನವರೂ ಬರ್ತಾರೆ, ಹೆಬ್ಬಾವೂ ಬರುತ್ತೆ' ಅಂತ ಜೋಕು ಹೊಡೆದ. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಅಷ್ಟೇ ಅಲ್ಲ, ನಮ್ಮವರೇ ಎಷ್ಟೋ ಜನ ಬೆಂಗಳೂರಿಗೆ ಬರುವ ಪರವೂರಿನವರ ಬಗ್ಗೆ ಇದೇ ಧಾಟಿಯಲ್ಲಿ ಮಾತಾಡ್ತಾರೆ, ಪಾರ್ಥೇನಿಯಂ ಕಳೆ ಬೆಳೆದ ಹಾಗೆ ಬೆಳೀತಿದ್ದಾರೆ ಅಂತ.

ಎರಡೂ ಕಡೆ ಈ ಹೋಲಿಕೆ ಕೆಟ್ಟದ್ದು. ಬರೀ ಸಭ್ಯತೆ ಅಲ್ಲ ಅನ್ನೋ ಕಾರಣಕ್ಕಲ್ಲ, ತರ್ಕವೇ ತಪ್ಪು. ಹಾವು ವೀಸಾಕ್ಕೆ ಸಾಲು ನಿಂತು ಬರಲಿಲ್ಲ. ಅದನ್ನ ಹಿಡಿದು, ಡಬ್ಬಿಗೆ ಹಾಕಿ, ಬೆಲೆ ಕಟ್ಟಿ, ಮಾರಿ, ಬೇಜಾರಾದ ಮೇಲೆ ಬಿಸಾಕಿದವರು ಮನುಷ್ಯರು. ಮನುಷ್ಯ ಮನುಷ್ಯನ ಜೊತೆ ಮಾತಾಡ್ತಾನೆ, ಕಾನೂನಿಗೆ ತಲೆಬಾಗ್ತಾನೆ, ತೆರಿಗೆ ಕಟ್ತಾನೆ, ಪಕ್ಕದ ಮನೆಯವರ ಹುಲ್ಲು ಕೊಯ್ದು ಕೊಡ್ತಾನೆ, ಬೇಡವಾದರೆ ವಾದ ಮಾಡ್ತಾನೆ. ಮೊಲಕ್ಕೂ ಹೆಬ್ಬಾವಿಗೂ ನಡುವೆ ಇಂಥ ಯಾವ ಒಪ್ಪಂದವೂ ಸಾಧ್ಯವಿಲ್ಲ, ಅದಕ್ಕೇ ನಾವು ನಡುವೆ ಬರಬೇಕಾಯ್ತು. ಪರಿಸರದ ಶಬ್ದವನ್ನ ತಂದು ಮನುಷ್ಯರ ಮೇಲೆ ಅಂಟಿಸಿದರೆ ಪರಿಸರವೂ ಅರ್ಥವಾಗಲ್ಲ, ಮನುಷ್ಯರೂ ಅರ್ಥವಾಗಲ್ಲ. ಅವತ್ತು ಆ ಮಹಾಶಯನಿಗೆ ನಾನು ಹೇಳಿದ್ದಿಷ್ಟು: 'ಹಾವನ್ನ ದುಡ್ಡು ಕೊಟ್ಟು ತರಿಸಿಕೊಂಡವರು ಯಾರು ಅಂತ ಒಮ್ಮೆ ನೋಡಿ.' ಆಗ ನಕ್ಕವರು ಕಡಿಮೆ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಹಾವು ನೆಲೆಯೂರಿದೆ ಅಂತ ಗೊತ್ತಾಗಿದ್ದು 2000ದಲ್ಲಿ. ಅಮೆರಿಕದ ಕೇಂದ್ರ ಸರಕಾರ ಬರ್ಮಾ ಹೆಬ್ಬಾವಿನ ಆಮದು, ರಾಜ್ಯದಿಂದ ರಾಜ್ಯಕ್ಕೆ ಸಾಗಣೆ ನಿಲ್ಲಿಸಿದ್ದು 2012ರಲ್ಲಿ. ನಡುವೆ ಹನ್ನೆರಡು ವರ್ಷ! ವ್ಯಾಪಾರಿಗಳ ಗಲಾಟೆ, ವಾದ ವಿವಾದ, ಕಡತ. ಮನೆಯೊಳಗೆ ನೀರು ಬಂದ ಮೇಲೆ ಹನ್ನೆರಡು ವರ್ಷ ನಲ್ಲಿ ತೆರೆದೇ ಇಟ್ಟು, ಈಗ ಬಟ್ಟಲಲ್ಲಿ ನೀರು ಮೊಗೆದು ಹೊರಗೆ ಚೆಲ್ತಾ ಇದ್ದಾರೆ. ನಮ್ಮ ಸೆನ್ಸರು, ಬೇಹುಗಾರ ಹಾವು, ಯಂತ್ರ ಮೊಲ ಎಲ್ಲವೂ ಆ ಬಟ್ಟಲುಗಳೇ. ಒಳ್ಳೆಯ ಬಟ್ಟಲು, ಆದರೂ ಬಟ್ಟಲೇ. ಈಗಿರೋ ಸಾಧನಗಳಿಂದ ಇಡೀ ದಕ್ಷಿಣ ಫ್ಲೋರಿಡಾದಿಂದ ಹೆಬ್ಬಾವನ್ನ ಪೂರ್ತಿ ತೆಗೆಯೋದು ಆಗದ ಮಾತು ಅಂತ 2023ರಲ್ಲಿ ವಿಜ್ಞಾನಿಗಳೇ ಸ್ಪಷ್ಟವಾಗಿ ಬರೆದಿದ್ದಾರೆ. ಹರಡದ ಹಾಗೆ ತಡೆಯಬಹುದು, ಕೆಲವು ಕಡೆ ಕಡಿಮೆ ಮಾಡಬಹುದು, ಅಷ್ಟೇ.

'ಇದು ಅಮೆರಿಕದವರ ತಲೆನೋವು, ನಮಗೇನು?' ಅಂತೀರಾ? 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಒಬ್ಬ ಪ್ರಯಾಣಿಕನ ಬ್ಯಾಗಿನಲ್ಲಿ ಸಿಕ್ಕಿದ್ದು ಏನು ಗೊತ್ತಾ? ಹತ್ತು ಹಳದಿ ಅನಕೊಂಡ! ದಕ್ಷಿಣ ಅಮೆರಿಕದ ಜೌಗಿನ ಹಾವು. ಅದರ ಹಿಂದಿನ ವರ್ಷ ಅದೇ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದಲೇ ಬಂದ ಸೂಟ್‌ಕೇಸಿನಲ್ಲಿ ಹೆಬ್ಬಾವು, ಇಗ್ವಾನಾ, ಮೊಸಳೆ ಮರಿ, ಕೊನೆಗೆ ಕಾಂಗರೂ ಮರಿಯೂ ಸೇರಿ 234 ಪ್ರಾಣಿ ಸಿಕ್ಕಿದ್ದವು. ಇವು ಸಿಕ್ಕಿಬಿದ್ದವು. ಸಿಕ್ಕಿಬೀಳದೆ ದಾಟಿ ಹೋದವು? ಯಾರೋ ಒಬ್ಬ ಟೆಕ್ಕಿಯ ಫ್ಲಾಟಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಬೆಳೀತಿದ್ದರೆ ಆಶ್ಚರ್ಯವಿಲ್ಲ. ಅದು ಎಂಟಡಿ ಆದ ದಿನ ಅವನು ಏನು ಮಾಡ್ತಾನೆ? ಕೆರೆಗೆ ಬಿಡ್ತಾನೋ, ವೀಕೆಂಡಿಗೆ ಸಕಲೇಶಪುರದ ಕಡೆ ಹೋದಾಗ ಹೊಳೆಗೆ ಬಿಡ್ತಾನೋ? ಮೈ ಜುಮ್ಮೆನ್ನುತ್ತೆ. ಎವರ್‌ಗ್ಲೇಡ್ಸಿನಲ್ಲಿ ಬರ್ಮಾ ಹೆಬ್ಬಾವಿಗೆ ಸಿಕ್ಕಿದ್ದೂ ಇಂಥದೇ ಬಿಸಿಲು, ಇಂಥದೇ ನೀರು. ಕೆರೆಕಟ್ಟೆ ಹೊಳೆಹಳ್ಳ ತುಂಬಿದ ನಮ್ಮ ನಾಡಿನಲ್ಲಿ ಬೆಚ್ಚಗೆ ಬದುಕೋಕೆ ಅನಕೊಂಡಕ್ಕೆ ಏನು ಕಡಿಮೆ?

ನಮ್ಮಲ್ಲೂ 2024ರಿಂದ ಇಂಥ ವಿದೇಶಿ ಪ್ರಾಣಿ ಸಾಕಿದವರು ನೋಂದಣಿ ಮಾಡಿಸಬೇಕು ಅನ್ನೋ ನಿಯಮ ಬಂದಿದೆ. ಕಾಗದದ ಮೇಲೆ ಚೆನ್ನಾಗಿದೆ. ಅದನ್ನ ನಿಜ ಮಾಡೋದು ಪೊಲೀಸರಿಗಿಂತ ಹೆಚ್ಚಾಗಿ ನಮ್ಮ ಕೈಯಲ್ಲಿದೆ. ಗೆಳೆಯ ವಾಟ್ಸಾಪಿನಲ್ಲಿ 'ನೋಡು ಮಗಾ, ನನ್ನ ಹೊಸ ಪೆಟ್' ಅಂತ ಹಾವಿನ ಮರಿಯ ಫೋಟೋ ಕಳಿಸಿದಾಗ 'ಸೂಪರ್ ಮಗಾ' ಅನ್ನೋ ಬದಲು, 'ಎಲ್ಲಿಂದ ತಂದೆ, ಇದು ದೊಡ್ಡದಾದ ಮೇಲೆ ಏನು ಮಾಡ್ತೀಯ?' ಅಂತ ಕೇಳಿ. ಈ ಪ್ರಶ್ನೆಗೆ ಆಪರೇಷನ್ ಬೇಡ, ಬ್ಯಾಟರಿ ಬೇಡ, ವಿಮಾನ ಬೇಡ. ಆ ಒಂದು ಪ್ರಶ್ನೆಯನ್ನ ಎಂಬತ್ತರ ದಶಕದಲ್ಲಿ ಮಯಾಮಿಯ ಪ್ರಾಣಿ ಅಂಗಡಿಗಳಲ್ಲಿ ಸಾಕಷ್ಟು ಜನ ಕೇಳಿದ್ದರೆ, ಇವತ್ತು ಮೊಟ್ಟೆ ಹೊತ್ತ ಹಾವುಗಳನ್ನ ಹುಡುಕಿ ಹುಡುಕಿ ಕೊಲ್ಲೋ ಕರ್ಮ ಯಾರಿಗೂ ಇರ್ತಿರಲಿಲ್ಲ.

ಆಗಲೇ ತುಂಬಾ ಕೊರೆದೆ. ಹಾವು ಅಂದ್ರೆ ಪ್ರತಿ ಮನೆಯಲ್ಲೂ ಒಂದು ಕಥೆ ಇರುತ್ತೆ, ನಿಮ್ಮಲ್ಲೂ ಇರಬೇಕು. ಮುಖ್ಯವಾಗಿ, ಅಮ್ಮನ ಪ್ರಶ್ನೆಗೆ ನನಗಿಂತ ಒಳ್ಳೆಯ ಉತ್ತರ ಇದ್ದರೆ ತಿಳಿಸಿ. ಮುಂದಿನ ಫೋನಿಗೆ ಬೇಕು.